ಹೊನ್ನು ದೊರೆಯಿತು, ಮಣ್ಣು ಕೈತಪ್ಪಿತು: ಜಾನ್ ಸಟರ್‌ನ ಬದುಕು

ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಯ ಇತಿಹಾಸದಲ್ಲಿ ಮೊದಲು ಕೇಳಿಬರುವ ಹೆಸರು ಜಾನ್ ಸಟರ್‌ನದು. 1848ರಲ್ಲಿ ಆತನ ಗಿರಣಿಯ ಕಾಲುವೆಯಲ್ಲಿ ದೊರೆತ ಹಳದಿ ಚೂರುಗಳು ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 3 ಲಕ್ಷ ಜನರನ್ನು ಆ ನಾಡಿಗೆ ಸೆಳೆದವು. ಆದರೆ ಆ ಚಿನ್ನದಿಂದ ಮೊದಲು ಮನೆ ಮುರಿದುಕೊಂಡವರಲ್ಲಿ ಸಟರ್‌ನೂ ಒಬ್ಬ. ಆತನ ದುರದೃಷ್ಟಕ್ಕೆ ಮರುಗುವ ಕಥೆಗಳು ಬಹಳ. ಆತ ಕಳೆದುಕೊಂಡ ನೆಲ ಆತನಿಗೆ ದಕ್ಕಿದ್ದಾದರೂ ಹೇಗೆ ಎಂಬುದನ್ನು ಜತೆಗಿಟ್ಟು ನೋಡಿದಾಗ ಮಾತ್ರ ಈ ಬದುಕು ಪೂರ್ತಿಯಾಗಿ ಅರ್ಥವಾಗುತ್ತದೆ.

ಸಾಲಗಾರನ ಪಲಾಯನ

ಯೋಹಾನ್ ಆಗಸ್ಟ್ ಸೂಟರ್ ಎಂಬುದು ಆತನ ಮೂಲ ಹೆಸರು. ಜನನ 1803ರ ಫೆಬ್ರವರಿಯಲ್ಲಿ, ಜರ್ಮನಿಯ ಬಾಡೆನ್ ಸೀಮೆಯ ಕಾಂಡರ್ನ್ ಎಂಬ ಊರಿನಲ್ಲಿ. ಕುಟುಂಬ ಸ್ವಿಟ್ಜರ್ಲೆಂಡಿನದು. 1826ರಲ್ಲಿ ಬುರ್ಗ್‌ಡೋರ್ಫ್ ಪಟ್ಟಣದಲ್ಲಿ ಮದುವೆಯಾಗಿ ಬಟ್ಟೆ ವ್ಯಾಪಾರಕ್ಕೆ ಕೈಹಾಕಿದ. ವ್ಯಾಪಾರ ಕೈಹಿಡಿಯಲಿಲ್ಲ, ಸಾಲ ಬೆಳೆಯಿತು. 1834ರಲ್ಲಿ ಹೆಂಡತಿಯನ್ನೂ ಐವರು ಮಕ್ಕಳನ್ನೂ ಸಾಲಗಾರರ ನಡುವೆ ಬಿಟ್ಟು ಅಮೆರಿಕದ ಹಡಗು ಹತ್ತಿದ.

ಮಿಸೌರಿಯಲ್ಲಿ ನೆಲೆಸಿ ಸಾಂಟಾ ಫೆ ದಾರಿಯ ವ್ಯಾಪಾರದಲ್ಲಿ ತೊಡಗಿದರೂ ಅಲ್ಲಿಯೂ ಸಾಲವೇ ಉಳಿಯಿತು. 1838ರಲ್ಲಿ ತುಪ್ಪಳ ವ್ಯಾಪಾರಿಗಳ ತಂಡದೊಡನೆ ಪಶ್ಚಿಮಕ್ಕೆ ಹೊರಟ. ಹವಾಯಿಯ ಹೊನೊಲುಲು, ರಷ್ಯನ್ನರ ವಶದಲ್ಲಿದ್ದ ಅಲಾಸ್ಕಾದ ಸಿಟ್ಕಾ ಬಂದರುಗಳನ್ನು ಸುತ್ತಿ 1839ರ ಜುಲೈನಲ್ಲಿ ಇಂದಿನ ಸ್ಯಾನ್ ಫ್ರಾನ್ಸಿಸ್ಕೊ ಇರುವೆಡೆಗೆ ಬಂದಿಳಿದ. ದಾರಿಯುದ್ದಕ್ಕೂ ತಾನು ಸ್ವಿಸ್ ಪಡೆಯ ಕ್ಯಾಪ್ಟನ್ ಎಂದು ಹೇಳಿಕೊಳ್ಳುತ್ತಿದ್ದ. ಅದು ಸುಳ್ಳಾಗಿತ್ತು. ಆದರೆ ಆ ಸುಳ್ಳೇ ಆತನಿಗೆ ಶಿಫಾರಸು ಪತ್ರಗಳನ್ನು ದೊರಕಿಸಿಕೊಟ್ಟಿತು.

ಹೊಸ ಹೆಲ್ವೇಷಿಯ

ಆಗ ಕ್ಯಾಲಿಫೋರ್ನಿಯಾ ಮೆಕ್ಸಿಕೊ ದೇಶದ ಪ್ರಾಂತ್ಯ. ಒಳನಾಡಿನಲ್ಲೊಂದು ವಸಾಹತು ನೆಲೆಗೊಂಡರೆ ಸರ್ಕಾರದ ಹಿಡಿತ ಬಿಗಿಯಾದೀತೆಂದು ಗವರ್ನರ್ ಆಲ್ವರಾಡೊ ಎಣಿಸಿದ. ಸಟರ್ ಮೆಕ್ಸಿಕೊ ಪೌರತ್ವ ಪಡೆದ ಬಳಿಕ, 1841ರಲ್ಲಿ, ಸ್ಯಾಕ್ರಮೆಂಟೊ ನದಿಯ ಕಣಿವೆಯಲ್ಲಿ ಆತನಿಗೆ 48,827 ಎಕರೆ ಭೂಮಿ ಮಂಜೂರಾಯಿತು. ಸ್ವಿಟ್ಜರ್ಲೆಂಡಿನ ಪ್ರಾಚೀನ ಹೆಸರನ್ನು ನೆನೆದು ಆತ ಅದನ್ನು ಹೊಸ ಹೆಲ್ವೇಷಿಯ ಎಂದು ಕರೆದ. ಹಸಿ ಇಟ್ಟಿಗೆಯ ದಪ್ಪ ಗೋಡೆಗಳ ಕೋಟೆ ಎದ್ದಿತು. ಗೋಧಿ ಹೊಲ, ದನದ ಮಂದೆ, ಚರ್ಮ ಹದಮಾಡುವ ತೊಟ್ಟಿ, ಕಮ್ಮಾರಸಾಲೆ ಎಲ್ಲವೂ ಬಂದವು. ಅದೇ ವರ್ಷ ರಷ್ಯನ್ನರಿಂದ ಫೋರ್ಟ್ ರಾಸ್ ಎಂಬ ಕರಾವಳಿ ನೆಲೆಯ ಸ್ವತ್ತನ್ನು 30,000 ಡಾಲರ್‌ಗೆ ಕಂತಿನ ಮೇಲೆ ಕೊಂಡ. ಆ ಸಾಲ ವರ್ಷಗಟ್ಟಲೆ ಬೆನ್ನು ಬಿಡಲಿಲ್ಲ. ಪೂರ್ವದಿಂದ ಬೆಟ್ಟ ದಾಟಿ ಬಳಲಿ ಬಂದ ವಲಸಿಗರಿಗೆ ಆ ಕೋಟೆ ಆಸರೆಯಾಗಿತ್ತು. 1846-47ರ ಚಳಿಗಾಲದಲ್ಲಿ ಹಿಮದಲ್ಲಿ ಸಿಲುಕಿದ ಡಾನರ್ ತಂಡಕ್ಕೆ ಅಲ್ಲಿಂದ ನೆರವು ಹೋಗಿತ್ತು.

ಮಂಜೂರಾತಿ ಪತ್ರದಲ್ಲಿ ಖಾಲಿಯೆಂಬಂತೆ ಕಾಣುತ್ತಿದ್ದ ಆ ನೆಲ ನಿಜಕ್ಕೂ ಖಾಲಿಯಾಗಿರಲಿಲ್ಲ. ನಿಸೆನಾನ್ ಮತ್ತು ಮಿವೋಕ್ ಜನರು ತಲೆತಲಾಂತರದಿಂದ ಅಲ್ಲಿ ಬಾಳಿದ್ದರು. ಸಟರ್‌ನ ಹೊಲ ಉತ್ತವರು, ಕೊಯ್ದವರು, ಕೋಟೆಯ ಇಟ್ಟಿಗೆ ಹೊತ್ತವರು ಅವರೇ. ಕೂಲಿಯಾಗಿ ದೊರೆಯುತ್ತಿದ್ದುದು ಆತನ ಅಂಗಡಿಯಲ್ಲಷ್ಟೇ ನಡೆಯುವ ತಗಡಿನ ಬಿಲ್ಲೆ. ಕೆಲಸಗಾರರಿಗೆ ಮರದ ದೋಣಿಗಳಲ್ಲಿ ಗಂಜಿ ಸುರಿಯುತ್ತಿದ್ದುದನ್ನೂ, ರಾತ್ರಿ ಅವರನ್ನು ಕೂಡಿಹಾಕುತ್ತಿದ್ದುದನ್ನೂ ಕೋಟೆಗೆ ಬಂದುಹೋದವರು ಬರೆದಿಟ್ಟಿದ್ದಾರೆ. ಕೆಲಸಕ್ಕೆ ಬಾರದವರ ಮೇಲೆ ಆತನ ಶಸ್ತ್ರಸಜ್ಜಿತ ಕಾವಲುಪಡೆ ಎರಗುತ್ತಿತ್ತು. ಮೂಲನಿವಾಸಿಗಳ ಮಕ್ಕಳನ್ನು ಬೇರೆ ಜಮೀನುದಾರರಿಗೆ ಒಪ್ಪಿಸಿದ್ದೂ ದಾಖಲಾಗಿದೆ.

ಕಾಲುವೆಯಲ್ಲಿ ಹೊಳೆದದ್ದು

1847ರಲ್ಲಿ ಮರ ಕೊಯ್ಯುವ ಗಿರಣಿ ಕಟ್ಟಲು ಸಟರ್ ಬಡಗಿ ಜೇಮ್ಸ್ ಮಾರ್ಷಲ್‌ನೊಂದಿಗೆ ಪಾಲುದಾರಿಕೆ ಮಾಡಿಕೊಂಡ. ಕೋಟೆಯಿಂದ ಸುಮಾರು 70 ಕಿಲೋಮೀಟರ್ ದೂರದ ಕೊಲೋಮಾದಲ್ಲಿ ಕೆಲಸ ಆರಂಭವಾಯಿತು. 1848ರ ಜನವರಿ 24ರ ಬೆಳಗ್ಗೆ ಗಿರಣಿಯ ನೀರು ಹೊರಹೋಗುವ ಕಾಲುವೆಯಲ್ಲಿ ಮಾರ್ಷಲ್‌ನ ಕಣ್ಣಿಗೆ ಹೊಳೆಯುವ ಚೂರುಗಳು ಬಿದ್ದವು. ಕೆಲ ದಿನಗಳ ಬಳಿಕ ಮಳೆಯಲ್ಲಿ ನೆನೆಯುತ್ತ ಕೋಟೆಗೆ ಬಂದ ಆತ ಬಾಗಿಲು ಮುಚ್ಚಿಸಿ ಅವನ್ನು ತೋರಿಸಿದ. ವಿಶ್ವಕೋಶ ನೋಡಿ, ನೈಟ್ರಿಕ್ ಆಮ್ಲ ಹಾಕಿ ಪರೀಕ್ಷಿಸಿದ ಸಟರ್‌ಗೆ ಅದು ಚಿನ್ನವೆಂದು ಖಾತ್ರಿಯಾಯಿತು. ಹಿಗ್ಗಿಗಿಂತ ಚಿಂತೆಯೇ ಹೆಚ್ಚಾಯಿತು. ಆಳುಗಳು ಚದುರಿದರೆ ಹೊಲವೂ ಇಲ್ಲ, ಗಿರಣಿಯೂ ಇಲ್ಲ. ಆರು ವಾರ ಗುಟ್ಟು ಕಾಯುವಂತೆ ಕೆಲಸಗಾರರನ್ನು ಬೇಡಿಕೊಂಡ.

ಕೊಲೋಮಾ ಆತನಿಗೆ ಮಂಜೂರಾದ ಜಮೀನಿನ ಹೊರಗಿತ್ತು. ಆದ್ದರಿಂದ ಅಲ್ಲಿನ ನಿಸೆನಾನರಿಂದಲೇ ನೆಲವನ್ನು ಗುತ್ತಿಗೆಗೆ ಬರೆಸಿಕೊಂಡು ಪತ್ರವನ್ನು ಅಮೆರಿಕದ ಸೇನಾ ಗವರ್ನರ್ ಮೇಸನ್‌ಗೆ ಕಳುಹಿಸಿದ. ನೆಲ ಗುತ್ತಿಗೆಗೆ ಕೊಡುವ ಹಕ್ಕು ಮೂಲನಿವಾಸಿಗಳಿಗಿಲ್ಲವೆಂದು ಮೇಸನ್ ಅದನ್ನು ತಳ್ಳಿಹಾಕಿದ. ವರ್ಷಗಟ್ಟಲೆ ಆ ಜನರ ಹಕ್ಕನ್ನು ಲೆಕ್ಕಿಸದ ಸಟರ್‌ಗೆ, ಅದೇ ಹಕ್ಕು ಬೇಕಾದ ದಿನ ಅದಕ್ಕೆ ಬೆಲೆ ಇರಲಿಲ್ಲ.

ಗುಟ್ಟು ಉಳಿಯಲಿಲ್ಲ. ಕೋಟೆಯ ಬಳಿ ಅಂಗಡಿ ಇಟ್ಟಿದ್ದ ಸ್ಯಾಮ್ ಬ್ರ್ಯಾನನ್ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಗಳಲ್ಲಿ ಚಿನ್ನದ ಪುಡಿಯ ಶೀಶೆ ಹಿಡಿದು ಸುದ್ದಿ ಸಾರಿದ. ಗುದ್ದಲಿ, ಸಲಿಕೆ ಮಾರಿ ಆತ ಧನಿಕನಾದ. ಡಿಸೆಂಬರ್‌ನಲ್ಲಿ ಅಧ್ಯಕ್ಷ ಪೋಕ್ ಅಮೆರಿಕದ ಸಂಸತ್ತಿಗೆ ಸುದ್ದಿಯನ್ನು ದೃಢಪಡಿಸಿದ ಮೇಲಂತೂ ಜನಪ್ರವಾಹವೇ ಹರಿಯಿತು. ಚಿಲಿ, ಮೆಕ್ಸಿಕೊ, ಯೂರೋಪ್, ಆಸ್ಟ್ರೇಲಿಯಾಗಳಿಂದ ಹಡಗುಗಳು ಬಂದವು. 1852ರ ಒಂದೇ ವರ್ಷ ಸುಮಾರು 20,000 ಚೀನೀಯರು ಬಂದಿಳಿದರು. ಮೊದಲೇ ಬಂದ ವಲಸಿಗರು ಹೊಸಬರನ್ನು ಪರಕೀಯರೆಂದರು. 1850ರಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಬಿತ್ತು.

ಪತ್ರಗಳ ಜಗಳ

ಹೊಸ ಹೆಲ್ವೇಷಿಯದಲ್ಲಿ ಗೋಧಿ ಕೊಯ್ಯುವವರಿಲ್ಲದೆ ಹೊಲದಲ್ಲೇ ಉಳಿಯಿತು. ಚರ್ಮಗಳು ತೊಟ್ಟಿಯಲ್ಲೇ ಕೊಳೆತವು. ದನಗಳನ್ನು ದಾರಿಹೋಕರು ಕೊಯ್ದು ತಿಂದರು. ಸಾಲಗಾರರಿಂದ ತಪ್ಪಿಸಿಕೊಳ್ಳಲು ಸಟರ್ 1848ರ ಶರತ್ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ಆಗಷ್ಟೇ ಬಂದಿದ್ದ ಹಿರಿಯ ಮಗ ಆಗಸ್ಟ್‌ನ ಹೆಸರಿಗೆ ಆಸ್ತಿ ಬರೆದುಕೊಟ್ಟ. ಮಗ ನದಿದಡದಲ್ಲಿ ನಿವೇಶನಗಳನ್ನು ಗುರುತಿಸಿ ಮಾರಿ ರಷ್ಯನ್ನರ ಸಾಲ ತೀರಿಸಿದ. ಹಾಗೆ ಹುಟ್ಟಿದ ಊರೇ ಇಂದು ಕ್ಯಾಲಿಫೋರ್ನಿಯಾದ ರಾಜಧಾನಿಯಾಗಿರುವ ಸ್ಯಾಕ್ರಮೆಂಟೊ. ತನ್ನ ಹೆಸರಿನ ಬೇರೊಂದು ಪಟ್ಟಣದ ಕನಸು ಕಂಡಿದ್ದ ತಂದೆಗೆ ಇದು ಹಿಡಿಸಲಿಲ್ಲ.

ಒತ್ತುವರಿದಾರರು ಸಟರ್‌ನ ಮೆಕ್ಸಿಕೊ ಪತ್ರಕ್ಕೆ ಬೆಲೆ ಕೊಡಲಿಲ್ಲ. 1850ರ ಆಗಸ್ಟ್‌ನಲ್ಲಿ ಸ್ಯಾಕ್ರಮೆಂಟೊದಲ್ಲಿ ಇದೇ ಕಾರಣಕ್ಕೆ ಗುಂಡು ಹಾರಿ ಹೆಣಗಳು ಬಿದ್ದವು. 1851ರ ಕಾನೂನಿನಂತೆ ಹಳೆಯ ಮಂಜೂರಾತಿದಾರರೆಲ್ಲ ತಮ್ಮ ಹಕ್ಕನ್ನು ಆಯೋಗದ ಮುಂದೆ ರುಜುವಾತುಪಡಿಸಬೇಕಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ ತನ್ನ 1858ರ ಅಧಿವೇಶನದಲ್ಲಿ 1841ರ ಮಂಜೂರಾತಿಯನ್ನು ಎತ್ತಿಹಿಡಿಯಿತು. 1845ರಲ್ಲಿ ದೊರೆತಿದ್ದ ಇನ್ನೂ ದೊಡ್ಡ ಮಂಜೂರಾತಿಯನ್ನು ತಿರಸ್ಕರಿಸಿತು. ಅಷ್ಟರಲ್ಲಿ ಗೆದ್ದ ನೆಲದ ಬಹುಭಾಗವೂ ಕೈಬಿಟ್ಟಿತ್ತು. 1864ರಲ್ಲಿ ರಾಜ್ಯ ತಿಂಗಳಿಗೆ 250 ಡಾಲರ್ ಮಾಸಾಶನ ಗೊತ್ತುಮಾಡಿತು. 1865ರಲ್ಲಿ ಫೆದರ್ ನದಿಯ ದಡದ ಮನೆಗೆ ಬೆಂಕಿ ಬಿದ್ದ ಮೇಲೆ ಆತ ಪೂರ್ವಕ್ಕೆ ಮರಳಿ, 1871ರಲ್ಲಿ ಪೆನ್ಸಿಲ್ವೇನಿಯಾದ ಲಿಟಿಟ್ಸ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ.

ಅಲ್ಲಿಂದ ವಾಷಿಂಗ್ಟನ್‌ಗೆ ಎಡತಾಕುವುದೇ ಉಳಿದ ಬದುಕಾಯಿತು. 50,000 ಡಾಲರ್ ಪರಿಹಾರದ ಮಸೂದೆ 1880ರ ಜೂನ್ 16ರಂದು ಸಂಸತ್ತು ಚದುರಿದಾಗ ಅಂಗೀಕಾರವಾಗದೆ ಉಳಿಯಿತು. ಎರಡು ದಿನಗಳ ಬಳಿಕ ವಾಷಿಂಗ್ಟನ್‌ನ ಹೋಟೆಲಿನಲ್ಲಿ ಸಟರ್ ಕಣ್ಣುಮುಚ್ಚಿದ.

ಅರ್ಜಿ ಹಾಕಲೂ ಅವಕಾಶವಿಲ್ಲದವರ ಲೆಕ್ಕ ಬೇರೆಯೇ ಇತ್ತು. 1840ರ ದಶಕದ ಮಧ್ಯದಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1870ರ ಹೊತ್ತಿಗೆ ಸುಮಾರು 30,000ಕ್ಕೆ ಇಳಿದಿದ್ದರು. ರೋಗ, ಹಸಿವು, ಜೀತ, ಕೊಲೆಗಳು ಅವರನ್ನು ಅಳಿಸಿದವು. 2019ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ರಾಜ್ಯದ ಪರವಾಗಿ ಅವರ ಕ್ಷಮೆ ಕೋರಿದರು. ಮರುವರ್ಷ ಸ್ಯಾಕ್ರಮೆಂಟೊದ ಆಸ್ಪತ್ರೆಯೊಂದರ ಮುಂದಿದ್ದ ಸಟರ್‌ನ ಪ್ರತಿಮೆಯನ್ನು ತೆಗೆಯಲಾಯಿತು. ಜೀರ್ಣೋದ್ಧಾರಗೊಂಡ ಆತನ ಕೋಟೆ ನಗರದ ನಡುವೆ ನಿಂತಿದೆ. ಆ ನೆಲದ ಮೊದಲ ಒಡೆಯರಾದ ನಿಸೆನಾನರ ವಂಶಜರೂ ಇಂದಿಗೂ ಅದೇ ನಾಡಿನಲ್ಲಿದ್ದಾರೆ.