ಬಿಡುತ್ತ ಬಿಡುತ್ತ ಹಗುರಾದ ಬಾಳು

ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1872ರಲ್ಲಿ ಬೆಳಗಾವಿ ಸೀಮೆಯ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಜನಿಸಿದರು. ತಂದೆ ಭೀಮಗೌಡರು, ತಾಯಿ ಸತ್ಯವತಿ. ಮಗುವಿಗೆ ಸಾತಗೌಡನೆಂದು ಹೆಸರಿಟ್ಟರು. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ವಿವಾಹವಾಯಿತು. ಆ ಬಾಲವಧು ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಮುಂದೆ ಹಿರಿಯರು ಮರುಮದುವೆಯ ಮಾತೆತ್ತಿದಾಗ ಸಾತಗೌಡರು ಒಪ್ಪದೆ ಬ್ರಹ್ಮಚರ್ಯವ್ರತವನ್ನು ಸ್ವೀಕರಿಸಿದರು.

ಮನೆಯಲ್ಲಿ ಹೊಲವಿತ್ತು, ಬಟ್ಟೆಯ ಅಂಗಡಿಯಿತ್ತು. ಅಂಗಡಿಯಲ್ಲಿ ಕುಳಿತ ದಿನ ಬಟ್ಟೆಯನ್ನು ಅಳೆದುಕೊಂಡು ಲೆಕ್ಕ ಬರೆದಿಡುವ ಕೆಲಸವನ್ನು ಅವರು ಗಿರಾಕಿಗಳಿಗೇ ಬಿಡುತ್ತಿದ್ದರು. ಮುನಿಗಳು ಊರಿಗೆ ಬಂದರೆ ಅವರನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರು. ಮನಸ್ಸು ದೀಕ್ಷೆಯ ಕಡೆಗೇ ಇದ್ದರೂ ತಂದೆತಾಯಿಗಳು ಬದುಕಿರುವವರೆಗೆ ಅವರ ಸೇವೆಯನ್ನು ಬಿಟ್ಟು ಹೊರಡಲಿಲ್ಲ. ಈ ನಡುವೆ ಸಮ್ಮೇದಶಿಖರದ ಯಾತ್ರೆಗೆ ಹೋದಾಗ ತುಪ್ಪ ಮತ್ತು ಎಣ್ಣೆಗಳನ್ನು ಆಜೀವ ತ್ಯಜಿಸಿದರು. ಹೀಗೆ ಮನೆಯನ್ನು ಬಿಡುವ ಮೊದಲೇ ನಾಲಗೆಯ ರುಚಿಯನ್ನು ಬಿಟ್ಟಿದ್ದರು.

ಮಾತಾಪಿತೃಗಳ ವಿಯೋಗಾನಂತರ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆಯಾಯಿತು. 1920ರಲ್ಲಿ ಯರನಾಳದಲ್ಲಿ ಉಳಿದಿದ್ದ ವಸ್ತ್ರವನ್ನೂ ತ್ಯಜಿಸಿ ನಿರ್ಗ್ರಂಥರಾದರು. ಪಿಂಛಿ, ಕಮಂಡಲು, ಶಾಸ್ತ್ರ ಇವಿಷ್ಟೇ ಉಳಿದವು. ಇವು ಸಂಯಮ, ಶೌಚ, ಜ್ಞಾನಗಳ ಉಪಕರಣಗಳೇ ಹೊರತು ಆಸ್ತಿಯಲ್ಲ. 1924ರಲ್ಲಿ ಸಮಡೋಳಿಯಲ್ಲಿ ಚತುರ್ವಿಧ ಸಂಘವು ಅವರಿಗೆ ಆಚಾರ್ಯಪದವನ್ನು ಅರ್ಪಿಸಿತು. ಮುಂದೆ ಸಂಘಸಹಿತ ಉತ್ತರಾಪಥಕ್ಕೆ ಪಾದವಿಹಾರ ಮಾಡಿದರು. ವಿರಳವಾಗಿದ್ದ ದಿಗಂಬರ ಮುನಿಮಾರ್ಗವು ಅವರಿಂದ ಪುನಃ ಬೆಳಗಿತು.

ವೃದ್ಧಾಪ್ಯದಲ್ಲಿ ಕಣ್ಣಿನ ಬೆಳಕು ಕುಂದುತ್ತ ಬಂದಿತು. ಕಣ್ಣು ಕಾಣದಿದ್ದರೆ ಈರ್ಯಾಸಮಿತಿ ಸಾಗದು. ಕಾಲ ಕೆಳಗಿನ ಜೀವಕ್ಕೆ ರಕ್ಷಣೆಯಿಲ್ಲ. ದೇಹವನ್ನು ಉಳಿಸಿಕೊಂಡರೆ ವ್ರತಕ್ಕೆ ಭಂಗ, ವ್ರತವನ್ನು ಉಳಿಸಿಕೊಂಡರೆ ದೇಹಕ್ಕೆ ವಿದಾಯ. ಅವರು ವ್ರತವನ್ನೇ ಉಳಿಸಿಕೊಂಡರು. ಕುಲಭೂಷಣ ದೇಶಭೂಷಣರ ನಿರ್ವಾಣಭೂಮಿಯಾದ ಕುಂಥಲಗಿರಿಯಲ್ಲಿ 1955ರ ಆಗಸ್ಟ್ 14ರಂದು ಸಲ್ಲೇಖನವನ್ನು ಕೈಗೊಂಡರು. ಅದೇ ತಿಂಗಳಲ್ಲಿ, ದೂರದ ಜಯಪುರದಲ್ಲಿದ್ದ ಶಿಷ್ಯ ವೀರಸಾಗರ ಮುನಿಗಳಿಗೆ ಆಚಾರ್ಯಪದವನ್ನು ಒಪ್ಪಿಸಿದರು. ಹೊಲ, ಮನೆ, ವಸ್ತ್ರಗಳನ್ನು ಎಂದೋ ಬಿಟ್ಟವರಿಗೆ ಬಿಡಲು ಉಳಿದಿದ್ದ ಹಿರಿಮೆ ಅದೊಂದೇ. ಕೆಲವು ದಿನ ನೀರನ್ನು ಮಾತ್ರ ಸ್ವೀಕರಿಸಿ, ಕೊನೆಗೆ ಅದನ್ನೂ ತ್ಯಜಿಸಿದರು. ದರ್ಶನಕ್ಕೆ ಬಂದ ಜನಸಾಗರದ ನಡುವೆಯೂ ಅವರ ದೃಷ್ಟಿ ಆತ್ಮದಲ್ಲಿಯೇ ನೆಲೆಸಿತ್ತು. ಮೂವತ್ತಾರನೆಯ ದಿನ, ಸೆಪ್ಟೆಂಬರ್ 18ರ ಬೆಳಿಗ್ಗೆ, ಭಾದ್ರಪದ ಶುದ್ಧ ಬಿದಿಗೆಯಂದು ಸಮಾಧಿಮರಣವನ್ನು ಹೊಂದಿದರು.

ಭಗವಂತನು ಹೊರಗೆಲ್ಲೋ ಕುಳಿತು ಕೊಡುವವನಲ್ಲ. ಪರಿಗ್ರಹದ ಪೊರೆ ಕಳಚಿದಷ್ಟೂ ತನ್ನಲ್ಲಿಯೇ ಗೋಚರವಾಗುವ ಶುದ್ಧಾತ್ಮನು. ಆಚಾರ್ಯಶ್ರೀಗಳು ಎಲ್ಲವನ್ನೂ ಒಂದೇ ದಿನ ಬಿಟ್ಟವರಲ್ಲ. ಮೊದಲು ಬಿಟ್ಟದ್ದು ಊಟದ ತಟ್ಟೆಯಲ್ಲಿನ ತುಪ್ಪವನ್ನು. ಪರಿಗ್ರಹಪರಿಮಾಣ ವ್ರತವನ್ನು ಕೈಗೊಳ್ಳುವ ಶ್ರಾವಕರಿಗೂ ಶ್ರಾವಿಕೆಯರಿಗೂ ಅಷ್ಟು ಚಿಕ್ಕ ಮೆಟ್ಟಿಲು ಪ್ರತಿ ಮನೆಯಲ್ಲಿಯೂ ಇದೆ.