ಸಂತ ಟೈಟಸ್ ಬ್ರಾಂಡ್ಸ್ಮ: ಪತ್ರಕರ್ತರ ಗುರು

ಪತ್ರಿಕೆಯಲ್ಲಿ ಅಚ್ಚಾದುದೆಲ್ಲವೂ ಸುದ್ದಿಯಲ್ಲ. ಕೆಲವು ಸುದ್ದಿ, ಕೆಲವು ಅಭಿಪ್ರಾಯ, ಕೆಲವು ಹಣ ತೆತ್ತು ಹಾಕಿಸಿದ ಜಾಹೀರಾತು. ಅಂಥ ಜಾಹೀರಾತಿನ ಪ್ರಶ್ನೆಯಲ್ಲಿ ಸತ್ಯದ ಪರ ನಿಂತು ಪ್ರಾಣವನ್ನೇ ಅರ್ಪಿಸಿದವರು ಸಂತ ಟೈಟಸ್ ಬ್ರಾಂಡ್ಸ್ಮ.

ನೆದರ್ಲೆಂಡ್ಸ್ ದೇಶದಲ್ಲಿ 1881ರಲ್ಲಿ ಜನಿಸಿದ ಅವರು ಕಾರ್ಮೆಲ್ ಸಭೆಯನ್ನು ಸೇರಿ 1905ರಲ್ಲಿ ಗುರುದೀಕ್ಷೆ ಪಡೆದರು. 1923ರಿಂದ ನೈಮೆಗೆನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. 1935ರಲ್ಲಿ ಕಥೋಲಿಕ ಪತ್ರಕರ್ತರ ಆಧ್ಯಾತ್ಮಿಕ ಸಲಹೆಗಾರರಾದರು.

1940ರಲ್ಲಿ ನಾತ್ಸಿಗಳು ಆ ದೇಶವನ್ನು ಆಕ್ರಮಿಸಿದರು. ತಮ್ಮ ಪಕ್ಷದ ಜಾಹೀರಾತುಗಳನ್ನು ಪತ್ರಿಕೆಗಳು ಪ್ರಕಟಿಸಲೇಬೇಕೆಂದು 1941ರ ಕೊನೆಯಲ್ಲಿ ಆಜ್ಞಾಪಿಸಿದರು. ಜಾಹೀರಾತು ಅನ್ಯರದು, ತಮಗೆ ಹೊಣೆಯಿಲ್ಲವೆಂದು ಸಂಪಾದಕರು ಸಮಾಧಾನಪಡಬಹುದಿತ್ತು. ಆದರೆ ನಂಬಿಕೆಗೆ ಪಾತ್ರವಾದ ಪತ್ರಿಕೆಯಲ್ಲಿ ಬಂದ ಸುಳ್ಳಿಗೆ ಆ ನಂಬಿಕೆಯೇ ಮುದ್ರೆಯಾಗುತ್ತದೆ. ಆದ್ದರಿಂದ ಧರ್ಮಾಧ್ಯಕ್ಷರ ಪರವಾಗಿ ಟೈಟಸರು ಊರೂರು ಸುತ್ತಿ ಸಂಪಾದಕರನ್ನು ಕಂಡು, ಆಜ್ಞೆಯನ್ನು ನಿರಾಕರಿಸುವಂತೆ ತಿಳಿಹೇಳಿದರು. ಅದರ ಅಪಾಯವನ್ನೂ ಮರೆಮಾಚಲಿಲ್ಲ.

1942ರ ಜನವರಿ 19ರಂದು ಅವರ ಬಂಧನವಾಯಿತು. ಜುಲೈ 26ರಂದು ಡಾಖಾವ್ ಸೆರೆಶಿಬಿರದಲ್ಲಿ ವಿಷದ ಚುಚ್ಚುಮದ್ದು ನೀಡಿ ಅವರನ್ನು ಕೊಲ್ಲಲಾಯಿತು. ಚುಚ್ಚುಮದ್ದು ನೀಡಿದ ದಾದಿಗೆ ಅವರು ತಮ್ಮ ಜಪಸರವನ್ನೇ ಕೊಟ್ಟಿದ್ದರು. 2022ರ ಮೇ 15ರಂದು, ನಮ್ಮ ದೇಶದ ದೇವಸಹಾಯಂ ಪಿಳ್ಳೆಯವರೊಡನೆ, ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಇಂದು ಪ್ರತಿ ಮನೆಯ ಮೊಬೈಲೂ ಒಂದು ಪುಟ್ಟ ಅಚ್ಚುಕೂಟ; ಅದರ ಸಂಪಾದಕರು ನಾವೇ. ಬಂದ ಸಂದೇಶವನ್ನು ಮುಂದೆ ಕಳುಹಿಸುವ ಮುನ್ನ ಇದನ್ನು ಬರೆದವರಾರು, ಇದರಿಂದ ಲಾಭವಾರಿಗೆ, ಇದಕ್ಕೆ ಆಧಾರವೇನು ಎಂದು ಮಕ್ಕಳೊಡನೆ ಕುಳಿತು ವಿಚಾರಿಸೋಣ. ಅನ್ಯರ ಸುಳ್ಳಿಗೆ ನಮ್ಮ ಹೆಸರಿನ ಮುದ್ರೆ ಬೀಳದಿರಲಿ.