ಚಿತ್ರಕ್ಕೆ ಜೀವ ಕೊಟ್ಟ ವಾಲ್ಟ್ ಡಿಸ್ನಿ



ನಾನು ನೋಟ್‌ಬುಕ್ಕಿನ ಮೂಲೆಯಲ್ಲಿ ಓಡುವ ಕೋಳಿ ಬರೆಯೋದು ನಿಮಗೆಲ್ಲ ಗೊತ್ತು. ಹೋದ ತಿಂಗಳು ನಮ್ಮಣ್ಣ ಅದನ್ನು ನೋಡಿ, ಈಗ ಎಲ್ಲಾ ಕಂಪ್ಯೂಟರೇ ಮಾಡುತ್ತೆ, ಸುಮ್ಮನೆ ಯಾಕೆ ಕೈ ನೋಯಿಸಿಕೊಳ್ತೀಯ ಅಂದ. ಬೇಜಾರಾಗಿ ಬರೆಯೋದನ್ನೇ ಬಿಟ್ಟೆ. ಆಮೇಲೆ ವಾಲ್ಟ್ ಡಿಸ್ನಿಯವರ ಕಥೆ ಓದಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಡಿಸ್ನಿಯವರು 1901ರ ಡಿಸೆಂಬರ್ 5ರಂದು ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗ ಕೆಲವು ವರ್ಷ ಮಾರ್ಸಲೀನ್ ಎಂಬ ಸಣ್ಣ ಊರಿನಲ್ಲಿ ಹೊಲದ ಮನೆಯಲ್ಲಿ ಬೆಳೆದರು. ಅಲ್ಲಿನ ದನ, ಕುದುರೆ, ಕೋಳಿ ಎಂದರೆ ಅವರಿಗೆ ಪ್ರಾಣ. ನಂತರ ಕನ್ಸಾಸ್ ಸಿಟಿಗೆ ಹೋದ ಮೇಲೆ ಬೆಳಗಿನ ಜಾವವೇ ಎದ್ದು, ಹಿಮದಲ್ಲಿ ನಡೆದು ಮನೆ ಮನೆಗೆ ಪೇಪರ್ ಹಾಕುತ್ತಿದ್ದರು.

ದೊಡ್ಡವರಾಗಿ ನಡೆಸಿದ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿಯಾಯಿತು. ಆದರೂ ಎದೆಗುಂದಲಿಲ್ಲ. ಹಾಲಿವುಡ್‌ಗೆ ಹೋಗಿ ಅಣ್ಣ ರಾಯ್ ಜೊತೆ ಮತ್ತೆ ಶುರು ಮಾಡಿದರು. 1928ರಲ್ಲಿ ಅವರ ಓಸ್ವಾಲ್ಡ್ ಎಂಬ ಮೊಲ ಬೇರೆಯವರ ಪಾಲಾಯಿತು. ಆಗ ಹುಟ್ಟಿದ್ದೇ ಮಿಕ್ಕಿ ಮೌಸ್! ಅದರ ಚಿತ್ರ ಹೆಚ್ಚಾಗಿ ಬರೆದವರು ಗೆಳೆಯ ಅಬ್ ಐವರ್ಕ್ಸ್, ದನಿ ಕೊಟ್ಟವರು ಡಿಸ್ನಿ.

ಆಮೇಲೆ ಸಾಲ ಮಾಡಿ ಸ್ನೋ ವೈಟ್ ಎಂಬ ದೊಡ್ಡ ಚಿತ್ರಕ್ಕೆ ಕೈ ಹಾಕಿದರು. ಅಷ್ಟುದ್ದದ ಕಾರ್ಟೂನ್ ಯಾರು ನೋಡ್ತಾರೆ ಅಂತ ಎಷ್ಟೋ ಜನ ನಕ್ಕರು. 1937ರಲ್ಲಿ ಅದು ತೆರೆಗೆ ಬಂದು ಗೆದ್ದಿತು. ನಾನೊಂದು ಲೆಕ್ಕ ಮಾಡಿದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕ ಓಡುತ್ತವೆ. 83 ನಿಮಿಷಕ್ಕೆ 1,19,520 ಚೌಕ! ಅಷ್ಟನ್ನೂ ತುಂಬಿಸಿದ್ದು ಕೈಯಲ್ಲಿ ಬರೆದ ಚಿತ್ರಗಳು.

ಯಂತ್ರ ಅಂದರೆ ಡಿಸ್ನಿಯವರಿಗೆ ಆಗುತ್ತಿರಲಿಲ್ಲ ಅಂದ್ಕೋಬೇಡಿ. 1961ರಲ್ಲಿ ಮೈತುಂಬ ಚುಕ್ಕೆಯ ನೂರೊಂದು ನಾಯಿಗಳ ಚಿತ್ರಕ್ಕೆ ಅವರ ಸ್ಟುಡಿಯೋದಲ್ಲಿ ಜೆರಾಕ್ಸ್ ವಿಧಾನವನ್ನೇ ಬಳಸಿದರು. ಮೊದಲು ಪೆನ್ಸಿಲ್ ಗೆರೆಗಳ ಮೇಲೆ ಶಾಯಿಯಲ್ಲಿ ಕೈಯಿಂದಲೇ ತಿದ್ದಬೇಕಿತ್ತು. ಡಿಸ್ನಿಯವರು 1966ರ ಡಿಸೆಂಬರ್ 15ರಂದು ತೀರಿಕೊಂಡರು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಉದ್ದದ ಚಿತ್ರ ಟಾಯ್ ಸ್ಟೋರಿ ಬಂದಿದ್ದು 1995ರಲ್ಲಿ.

ಕಂಪ್ಯೂಟರ್ ಚಿತ್ರ ನನಗೂ ಇಷ್ಟವೇ. ಅದರಲ್ಲಿ ಒಂದೊಂದು ಕೂದಲೂ ಅಲ್ಲಾಡುತ್ತೆ, ನೀರು ಫಳಫಳ ಹೊಳೆಯುತ್ತೆ. ಅದು ಒಂಥರಾ ತೊಗಲುಗೊಂಬೆ ಇದ್ದ ಹಾಗೆ. ಗೊಂಬೆಯನ್ನು ಒಂದು ಸಲ ಮಾಡಿಕೊಂಡರೆ ಸಾಕು, ಬೇಕಾದ ಹಾಗೆ ಆಡಿಸಬಹುದು. ಆದರೆ ಅದು ಯಾವಾಗ ನಗಬೇಕು, ಯಾವಾಗ ಅಳಬೇಕು ಅಂತ ಹೇಳೋದು ಮನುಷ್ಯನೇ. ಕೈಚಿತ್ರದ ಸೊಗಸೇ ಬೇರೆ. ಗೆರೆ ಸ್ವಲ್ಪ ಸೊಟ್ಟ ಆದರೂ ಬರೆದವರ ಕೈ ಕಾಣುತ್ತೆ. ಹಿತ್ತಲಲ್ಲಿ ಕೋಳಿ ಹೆಂಗೆ ಕತ್ತು ಆಡಿಸುತ್ತೆ ಅಂತ ನೋಡದೇ ಇದ್ದರೆ ಕೈಯಲ್ಲೂ ಬರಲ್ಲ, ಕಂಪ್ಯೂಟರಿನಲ್ಲೂ ಬರಲ್ಲ.

ಅದಕ್ಕೇ ಮತ್ತೆ ಬರೆದಿದ್ದೇನೆ. 24 ಹಾಳೆಯ ಕೋಳಿಯನ್ನು ಈ ಪತ್ರಿಕೆಯ ಕೆಳಗೆ ದಾರ ಕಟ್ಟಿ ನೇತು ಹಾಕಿದ್ದೇನೆ. ಹೆಬ್ಬೆರಳಿನಿಂದ ಬೇಗ ಬೇಗ ಬಿಡಿ, ಓಡುತ್ತೆ. ದಯವಿಟ್ಟು ಯಾರೂ ಹರಿಯಬೇಡಿ. ನಮ್ಮಣ್ಣನಿಗೂ ತೋರಿಸಬೇಕು.

– 7ನೇ ತರಗತಿ, ಹೊಣಕೆರೆ